ಹೊರೆ ಹೊತ್ತ ಗಾಡಿ

ಹುಣಸೆಕಟ್ಟೆ ಗಡಿಯ ಆಲದ ಮರದ ಕೆಳಗೆ ಅಮಾಸೆ ರಾತ್ರಿ ಮಲಗಿ ಎದ್ದು ಬಂದ ಗಂಡಸು ಈ ಸೀಮೆಗೆಲ್ಲ ನಾನೊಬ್ಬನೇ. ಗಡಿಕಲ್ಲಿಗೇ ತಲೆ ಕೊಟ್ಟು ಮಲಗಿದ್ದೆ. ನಡುರಾತ್ರಿ ಯಾರೋ ಬಂದು ಕಾಲು ತುಳಿದರು. "ಏ, ಅತ್ತ ಸರಿ, ನಿದ್ದಿ ಬಂದೈತಿ" ಎಂದು ಗದರಿಸಿ ಮಗ್ಗುಲಾದೆ. ಗದ್ದೆ ಕಾಯುವ ಮಾಳದ ಮೇಲಿಂದ ನೋಡಿದವರು ಇಬ್ಬರು, ಬೈರ ಮತ್ತು ಅವನ ತಮ್ಮ. ಇಬ್ಬರೂ ಮಣ್ಣಾಗಿ ಎಷ್ಟೋ ವರ್ಷ ಆಯಿತು. ಬೇಕಾದರೆ ಹೋಗಿ ಕೇಳಿಕೊಂಡು ಬನ್ನಿ.

ಅಂಥ ನಾನೂ ಈಗ ಕತ್ತಲಾದ ಮೇಲೆ ಆ ಕಡೆ ಹೋಗುವುದಿಲ್ಲ. ಯಾಕೆ ಅಂತೀರಿ... ನಮ್ಮ ಪಕ್ಕದ ಮನೆಯ ವಿನೋದನಿಗೆ ಆದದ್ದು ಕೇಳಿ. ದನಿ ಎತ್ತಬೇಡಿ. ಮೆಲ್ಲಗೆ ಹೇಳುವ ಮಾತು ಇದು.

ವಿನೋದನದು ಅನಾನಸಿನ ವ್ಯಾಪಾರ. ಬನವಾಸಿ ಸುತ್ತಿನ ಹೊಲಗಳನ್ನು ಕಾಯಿ ಇದ್ದಾಗಲೇ ಗುತ್ತಿಗೆ ಹಿಡಿದು, ಹಣ್ಣು ಲಾರಿಗೆ ತುಂಬುವವನು. ತಿರುಗಾಡುವುದು ಮಾತ್ರ ಒಂದು ಹಳೆಯ ಲೂನಾದ ಮೇಲೆ. ಏರು ಬಂದರೆ ಪೆಡಲು ತುಳಿಯಬೇಕು. "ಸಾಹುಕಾರ ಬಂದ್ನೋ, ಸೈಕಲ್ ಹೊಡಕೊಂತ" ಎಂದು ಹೊಲದವರು ನಗುವರು. ಅದು ಅವನಿಗೆ ಎದೆಯಲ್ಲಿ ಮುಳ್ಳು.

ಎರಡು ಸಾವಿರದ ಮೂರೋ ನಾಲ್ಕೋ ಇಸವಿ ಇರಬೇಕು. ಹುಲೇಕಲ್ ಕಡೆಯ ನಾಗಪತಿ ಹೆಗಡೆಯವರು ತಮ್ಮ ದೊಡ್ಡ ಮೋಟಾರ್ ಸೈಕಲ್ಲು ಮಾರುತ್ತಾರಂತೆ ಎಂದು ಸುದ್ದಿ ಬಂತು. ಅವರ ಭಾವ ಬಂದರಿನಲ್ಲಿ ಕೆಲಸಕ್ಕಿದ್ದಾಗ ಹೊರದೇಶದಿಂದ ತರಿಸಿದ್ದು. ಹೆಸರು ನನ್ನ ನಾಲಿಗೆಗೆ ಹೊರಳುವುದಿಲ್ಲ. ಕೋಣದ ಕೊಂಬಿನ ಹಾಗೆ ಅಗಲ ಹ್ಯಾಂಡಲ್ಲು. ತಗ್ಗಿನ ಸೀಟು. ಕಾಲು ಮುಂದೆ ಚಾಚಿ ಕೂರಬೇಕು, ಆರಾಮ ಕುರ್ಚಿಯಲ್ಲಿ ಕೂತ ಹಾಗೆ. ಕೈ ಬಿಟ್ಟು ಬಿದ್ದರೆ ಎತ್ತಲು ನಾಲ್ಕು ಆಳು.

ಮನೆಯಲ್ಲಿ ಮಾತಾಯಿತು. ಹೆಂಡತಿ ವಾಣಿಶ್ರೀ ಆಗ ಏಳು ತಿಂಗಳ ಬಸುರಿ. ಅವಳಿಗೆ ಖುಷಿ. "ಹೆರಿಗಿ ಆಗ್ಲಿ, ಮೊದಲ ನಾ ಕೂರಾಕಿ" ಅಂದಳು. ತಾಯಿ ಗುರುಶಾಂತವ್ವ ಮಾತ್ರ ಎಲೆಗೆ ಸುಣ್ಣ ಹಚ್ಚುತ್ತ ತಲೆ ಎತ್ತಲೇ ಇಲ್ಲ.

"ನಿನಗಿಂತ ಭಾರ ಇರೂದನ್ನ ಕಾಲ ನಡುವ ಇಟ್ಕೊಂಡು ಎಲ್ಲಿಗೆ ಹೊಂಟಿಯೋ? ತಿರುಗಿಸಾಕ ಬರದ ಕಡೆ ಏನ್ ಮಾಡ್ತಿ?"

"ಯವ್ವಾ, ಒಮ್ಮೆ ನೋಡಿ ಬರ್ತೀನಿ. ಬ್ಯಾಡ ಅನ್ನಿಸಿದ್ರ ಬಿಟ್ಟು ಬರ್ತೀನಿ."

ಹೋದ. ಹೆಗಡೆಯವರು ಎಲೆಯಡಿಕೆಯ ಕವಳ ಹಾಕಿಕೊಂಡು ಚಾವಿ ಮುಂದೆ ಹಿಡಿದರು. "ಎಂತ ಮಾರಾಯ, ಇಷ್ಟು ಯೋಚನೆ? ನನಗೆ ಮೊಣಕಾಲು ಕೇಳ್ತಿಲ್ಲೆ, ಅದಕ್ಕೆ ಕೊಡೂದು. ಒಯ್ದು ಓಡ್ಸು. ಮನಸಿಗೆ ಬಂದ್ರೆ ಇಟ್ಕ. ಇಲ್ದಿದ್ರೆ ವಾಪಸ್ ತಂದು ಬಿಟ್ಟಿಕ್ಕಿ ಹೋಗು."

ಶಿರಸಿಗೆ ಬಂದು ಗೆಳೆಯರಿಗೆಲ್ಲ ತೋರಿಸಿ, ಚಾ ಕುಡಿದು, ಮತ್ತೆ ತೋರಿಸಿ... ಊರಿನ ದಾರಿ ಹಿಡಿಯುವಾಗ ರಾತ್ರಿಯಾಗಿತ್ತು. ಡುಗು ಡುಗು ಡುಗು... ಎದೆಯ ಒಳಗೇ ಬಡಿದ ಹಾಗೆ ಸದ್ದು. ವಿನೋದ ಮನಸ್ಸಿನಲ್ಲೇ ಗಾಡಿ ಕೊಂಡಾಗಿತ್ತು.

ಈಗ ಒಂದು ಮಾತು ತಿಳಿದಿರಬೇಕು. ನಮ್ಮ ಕಡೆ ಊರಿಗೆ ವಾಂತಿ-ಭೇದಿ, ಕಾಯಿಲೆ ಬಂದರೆ ಮಾರಿಯ ಹೊರೆ ಕಳಿಸುತ್ತಾರೆ. ಮೊರದಲ್ಲಿ ಅರಿಶಿನದ ಅನ್ನ, ಹಸಿರು ಬಳೆ, ಬೇವಿನ ಸೊಪ್ಪು, ಸವೆದ ಪೊರಕೆ. ರಾತ್ರಿ ಹೊತ್ತುಕೊಂಡು ಹೋಗಿ ಊರ ಗಡಿಯಲ್ಲಿಟ್ಟು ತಿರುಗಿ ನೋಡದೆ ಬರಬೇಕು. ಮುಂದಿನ ಊರಿನವರು ಅದನ್ನೆತ್ತಿ ತಮ್ಮ ಆಚೆ ಗಡಿಗೆ ಮುಟ್ಟಿಸಬೇಕು. ಎತ್ತಿದವನು ನಡುವೆ ನಿಲ್ಲುವಂತಿಲ್ಲ. ಬಾಯಿ ಬಿಡುವಂತಿಲ್ಲ. ಯಾರ ಬಾಗಿಲಲ್ಲಿ ನಿಂತನೋ ಆ ಮನೆಯಲ್ಲಿ ಅದು ಇಳಿಯಿತು. ಹಿಂದಕ್ಕಂತೂ ಒಯ್ಯಲೇಬಾರದು.

ಹಿಂದಿನೂರು ಮಳಲಿಕೊಪ್ಪದಲ್ಲಿ ಆ ವಾರ ಕಾಯಿಲೆ ಇತ್ತು. ವಿನೋದನಿಗೆ ಗೊತ್ತಿರಲಿಲ್ಲ.

ಮಳಲಿಕೊಪ್ಪಕ್ಕೂ ನಮ್ಮ ಕಂಚಿಕೊಪ್ಪಕ್ಕೂ ಗಡಿ ಎಂದರೆ ಒಂದು ಸಣ್ಣ ಮೋರಿ. ಗಾಡಿಯ ಬೆಳಕು ಮೋರಿಯ ಮೇಲೆ ಬಿತ್ತು. ನಡುರಸ್ತೆಯಲ್ಲಿ ಮೊರ.

ವಿನೋದ ಬ್ರೇಕು ಒತ್ತಿದ. ಲೂನಾ ಆಗಿದ್ದರೆ ಅಂಚಿನಲ್ಲಿ ಸುಂಯ್ ಎಂದು ತಪ್ಪಿಸಿಕೊಂಡು ಹೋಗುತ್ತಿದ್ದ. ಈ ಗಾಡಿಗೆ ಆ ಜಾಗ ಸಾಲದು. ಎರಡೂ ಕಡೆ ಸಡಿಲ ಮಣ್ಣು, ಕೆಳಗೆ ಚರಂಡಿ. ಮೊರದ ಮೇಲೇ ಹತ್ತಿಸುವುದೇ? ಶಿವ ಶಿವಾ. ಹಿಂದಕ್ಕೆ ತಳ್ಳೋಣ ಎಂದರೆ ಒಬ್ಬನ ಕೈಗೆ ಜಗ್ಗುವುದಿಲ್ಲ... ಸ್ಟ್ಯಾಂಡು ಹಾಕಿದ. ಇಳಿದ. ಕಣ್ಣು ಮುಚ್ಚಿ ಮೊರ ಎತ್ತಿ ಪಕ್ಕಕ್ಕೆ ಇಟ್ಟ. ಇಟ್ಟಾದ ಮೇಲೆ ನೋಡಿದ. ಮೊರ ಈಗ ಮೋರಿಯ ಈಚೆ ಇತ್ತು. ಕಂಚಿಕೊಪ್ಪದ ಮಣ್ಣಿನಲ್ಲಿ.

ಬಂದು ಗಾಡಿ ಏರಿದ. ಹಿಂದೆ, ಕಾಲಿಡುವ ಕಬ್ಬಿಣ ಬಿಚ್ಚಿಕೊಂಡ ಸದ್ದು.

ಟಕ್.

ಸ್ಪ್ರಿಂಗು ಕಿರ್ರ್... ಎಂದು ಕುಗ್ಗಿತು. ರಸ್ತೆಯ ಮೇಲಿದ್ದ ಬೆಳಕು ಮೆಲ್ಲಗೆ ಮೇಲೆದ್ದು ಮತ್ತಿ ಮರದ ಎಲೆಗಳಿಗೆ ಹೋಯಿತು. ಹಿಂದೆ ತೂಕದವರು ಕೂತರೆ ಮೂತಿ ಮೇಲಾಗುತ್ತದಲ್ಲ, ಹಾಗೆ.

ಗಾಡಿ ಹೊರಟಿತು. ಡುಗ್... ಡುಗ್... ಡುಗ್... ಸುಸ್ತಾದ ಎತ್ತಿನ ಉಸಿರಿನಂತೆ. ಕಿವಿಯ ಹತ್ತಿರ ಬಳೆ, ಕಿಣ್.

"ಮನಿ... ಇನ್ನೂ ದೂರನ?"

ಹೆಣ್ಣಿನ ದನಿ. ಪಿಸುಮಾತು. ವಿನೋದ ನಾಲಿಗೆ ಕಚ್ಚಿಕೊಂಡ. ಬಾಯಲ್ಲಿ ರಕ್ತದ ಉಪ್ಪು.

"ಮನ್ಯಾಗ... ಯಾರ್ಯಾರ ಅದಾರ?"

ಆಗ ಅವನಿಗೆ ವಾಣಿಶ್ರೀ ನೆನಪಾದಳು. ಹಾರ್ನು ಕೇಳಿದ ಕೂಡಲೇ ಬಂದು ಬೇಲಿಯ ತಡಮೆ ತೆಗೆ ಎಂದು ಅವನೇ ಹೇಳಿ ಹೋಗಿದ್ದ. ಈ ಸದ್ದಿಗೆ ಹಾರ್ನು ಬೇರೆ ಬೇಕೇ? ತಿರುವಿನಲ್ಲೇ ಕಂಡಿತು, ತಡಮೆಯ ಹತ್ತಿರ ಬ್ಯಾಟರಿ ಬೆಳಕು. ಹೊಟ್ಟೆಯ ಮೇಲೆ ಒಂದು ಕೈ ಇಟ್ಟುಕೊಂಡು ನಿಂತಿದ್ದಳು. ನಗುತ್ತಿದ್ದಳು.

ವಿನೋದ ನಿಲ್ಲಿಸಲಿಲ್ಲ.

"ರೀ... ಎಲ್ಲಿಗೆ ಹೊಂಟ್ರಿ? ಹಿಂದ ಯಾರ್ರೀ ಅದು?"

ಮರದ ತುದಿ ಸವರುತ್ತ ಹೋಗುವ ಬೆಳಕನ್ನು ಗುರುಶಾಂತವ್ವ ಜಗಲಿಯಿಂದ ನೋಡಿದಳು. ಓಡಿ ಬಂದು ಸೊಸೆಯ ರಟ್ಟೆ ಹಿಡಿದು ಒಳಗೆಳೆದು ದಢಾರ್ ಎಂದು ಕದ ಹಾಕಿದಳು.

"ಆಕಿ... ನಿನ್ನ ಹೇಣ್ತಿ ಹೌದಿಲ್ಲೋ?"

ಅಳು ಬಂತು. ಅಳುವುದೂ ಮಾತೇ ಏನೋ ಎಂದು ಅದನ್ನೂ ನುಂಗಿದ. ಊರು ಹಿಂದಾಯಿತು. ಗದ್ದೆ ಬಯಲು ಬಂತು. ಹುಣಸೆಕಟ್ಟೆ ಗಡಿಯ ಆಲದ ಬುಡದಲ್ಲಿ ಗಾಡಿ ನಿಲ್ಲಿಸಿ, ಇಳಿದು, ತಿರುಗಿ ನಡೆದ. ಚಾವಿ ಅಲ್ಲೇ ಉಳಿಯಿತು. ನೆನಪಾದಾಗ ಅರ್ಧ ಹರದಾರಿ ಬಂದಿದ್ದ. ತಿರುಗಿ ಹೋಗುವಂತಿಲ್ಲ, ನೋಡುವಂತಿಲ್ಲ. ಹಿಂದೆ ಕಾದ ಎಂಜಿನ್ನು ಆರುತ್ತ ಟಿಣ್... ಟಿಣ್... ಅಷ್ಟು ದೂರಕ್ಕೂ ಅದು ಕೇಳುತ್ತಿತ್ತು.

ತಾಯಿ ಹೊಸಿಲ ಹೊರಗೇ ನಿಲ್ಲಿಸಿ ಬೇವಿನ ನೀರು ಸುರಿದಳು. ಕೋಳಿ ಕೂಗಿದ ಮೇಲೆಯೇ ಅವನು ಬಾಯಿ ಬಿಟ್ಟದ್ದು. ಕೇಳಿದವಳೇ ಗುರುಶಾಂತವ್ವ ಹಾಲಿನವನ ಕೈಲಿ ಹುಣಸೆಕಟ್ಟೆಗೆ ಹೇಳಿ ಕಳಿಸಿದಳು. ಗಾಡಿ ಊರೊಳಗೆ ಓಡಿಸಬೇಡಿ, ಮುಂದಿನ ಗಡಿಗೆ ಸಾಗಿಸಿ, ಎಂದು.

ಹಾಲಿನವನಿಗಿಂತ ಮೊದಲು ಆಲದ ಬುಡಕ್ಕೆ ಮಂಜ ಬಂದಿದ್ದ. ಹುಣಸೆಕಟ್ಟೆಯ ಮಂಜ, ವಿನೋದನ ಹಣ್ಣು ಲಾರಿಗೆ ಹೇರುವವನು, ಒಳ್ಳೆಯ ಹುಡುಗ. ಬೆಳಗಿನ ಜಾವ ಗದ್ದೆಗೆ ನೀರು ಬಿಡಲು ಹೋದವನು ಗಾಡಿ ನೋಡಿದ. ಧಣಿ ಕೊಳ್ಳುವ ಗಾಡಿ ಇದೇ ಇರಬೇಕು, ಪೆಟ್ರೋಲ್ ತೀರಿ ಬಿಟ್ಟು ಹೋಗಿದ್ದಾರೆ, ಕಳ್ಳರ ಕಣ್ಣಿಗೆ ಬಿದ್ದರೆ ಏನು ಗತಿ ಎಂದುಕೊಂಡ. ಚಾವಿ ತಿರುಗಿಸಿದ. ಮನೆಯ ಅಂಗಳಕ್ಕೆ ತಂದು ನಿಲ್ಲಿಸಿದ.

ಅವನ ಹೆಂಡತಿ ದುರ್ಗಿ ಕೂಸನ್ನು ಕಂಕುಳಲ್ಲಿಟ್ಟುಕೊಂಡು ಬಾಗಿಲಿಗೆ ಬಂದಳು. "ಯಾರನ್ನ ಕರಕೊಂಡು ಬಂದ್ರಿ?" ಅಂದಳು. "ಯಾರೂ ಇಲ್ಲಲ್ಲ" ಅಂದ ಮಂಜ.

ಆ ವಾರದೊಳಗೆ ಮಂಜ ಹೋದ. ಅವನ ಹಿಂದೆಯೇ ಕೂಸು. ಉಳಿದವಳು ದುರ್ಗಿ ಒಬ್ಬಳೇ.

ಹುಣಸೆಕಟ್ಟೆಯವರು ಗಾಡಿಯ ಟ್ಯಾಂಕಿಗೆ ಅರಿಶಿನ ಬಳಿದು, ಹ್ಯಾಂಡಲ್ಲಿಗೆ ಬೇವು ಕಟ್ಟಿ, ಚಾಲೂ ಮಾಡದೆ ಕೈಯಿಂದ ತಳ್ಳುತ್ತ ಮುಂದಿನ ಗಡಿಗೆ ಮುಟ್ಟಿಸಿದರು. ಅಲ್ಲಿಯವರು ತಮ್ಮ ಗಡಿಗೆ. ಹೀಗೇ ಊರಿಂದ ಊರಿಗೆ... ಒಬ್ಬರದೂ ಮಾತಿಲ್ಲ. ರಾತ್ರಿ ರಸ್ತೆಯಲ್ಲಿ ಟಯರು ಜರ್ರ್ ಎನ್ನುವುದೊಂದೇ.

ಅಷ್ಟರಲ್ಲಿ ಹೆಗಡೆಯವರ ಫೋನು.

"ಎಂತ ಆತೋ ವಿನೋದ? ಗಾಡಿ ಬೇಕ, ಬ್ಯಾಡ್ದ?"

ವಿನೋದ ದಾರಿಯ ಲೆಕ್ಕ ಹಾಕಿದ. ಬೇಡ ಎಂದರೆ ವಾಪಸು ತರಬೇಕು. ತರುವುದೆಂದರೆ ಮತ್ತೆ ಹುಣಸೆಕಟ್ಟೆ, ಮತ್ತೆ ತನ್ನ ಮನೆಯ ಮುಂದೆ, ಕೊನೆಗೆ ಹೆಗಡೆಯವರ ಅಂಗಳ. ಅವರ ಮನೆಯಲ್ಲೂ ಮೊಮ್ಮಕ್ಕಳು.

"ತಗೊಂಡೇರಿ," ಅಂದ.

"ಭೇಷ್! ಹೆಂಗಿದ್ದು?"

"ಭಾರ ಐತ್ರಿ."

"ಭಾರ ಇದ್ರೇ ರಸ್ತೆ ಹಿಡಿತು ಮಾರಾಯ," ಎಂದು ಹೆಗಡೆಯವರು ನಕ್ಕರು.

ದುಡ್ಡು ಮುಟ್ಟಿಸಿದ. ಕಾಗದ ತನ್ನ ಹೆಸರಿಗೆ ಮಾಡಿಸಿಕೊಂಡ. ಗಾಡಿಯನ್ನು ಮತ್ತೆ ಕಣ್ಣಿಂದ ನೋಡಲಿಲ್ಲ. ವಾಣಿಶ್ರೀಗೆ ಹೆಣ್ಣು ಹುಟ್ಟಿತು, ಗುಂಡುಕಲ್ಲಿನ ಹಾಗಿತ್ತು. ತೊಟ್ಟಿಲ ಶಾಸ್ತ್ರದ ದಿನ ಕೂಸನ್ನು ಕೊಡಲು ಬಂದರೆ ವಿನೋದ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ. ಹಜಾರದ ಮೂಲೆಯಲ್ಲಿ ದುರ್ಗಿ ಅಕ್ಕಿ ಆರಿಸುತ್ತಿದ್ದಳು. ಗುರುಶಾಂತವ್ವ ಅವಳನ್ನು ಮನೆಗೇ ಕರೆತಂದು ಇಟ್ಟುಕೊಂಡಿದ್ದಳು. ಯಾಕೆ ಎಂದು ದುರ್ಗಿ ಕೇಳಲಿಲ್ಲ, ಇವರು ಹೇಳಲಿಲ್ಲ.

ಗಾಡಿ ವರದಾ ಹೊಳೆ ದಾಟಿದ್ದನ್ನು ನಾನೇ ಕಂಡಿದ್ದೇನೆ. ನಾಲ್ಕು ಆಳು ಬೆವರು ಸುರಿಸಿ ತಳ್ಳುತ್ತಿದ್ದರು. ಗಡಿಕಲ್ಲು ದಾಟಿಸಿ ಕೈ ಬಿಟ್ಟರು ನೋಡಿ, ಸ್ಪ್ರಿಂಗು ಒಂದು ಗೇಣು ಮೇಲೆದ್ದಿತು... ಯಾರೋ ಇಳಿದು ಕಾಲು ಚಾಚಿ ನಿಂತ ಹಾಗೆ.

"ಅಜ್ಜಾ," ಅಂದ ಗ್ಯಾರೇಜಿನ ಬಸವಂತ, ಇಷ್ಟು ಹೊತ್ತು ಕತೆ ಕೇಳುತ್ತ ಕೂತಿದ್ದವನು. "ಹೆಗಡೇರ ಆ ಗಾಡಿ ರಿಪೇರಿ ಮಾಡ್ತಿದ್ದವ ನಾನ. ಅದು ಒಂದ ಸೀಟಿನ ಗಾಡಿ. ಹಿಂದ ಸೀಟೂ ಇರಲಿಲ್ಲ, ಕಾಲಿಡೂ ಕಬ್ಬಿಣನೂ ಇರಲಿಲ್ಲ. ಯಾರೂ ಕೂರಾಕ ಬರೂದ ಇಲ್ಲ."

ಎಲ್ಲರೂ ಕತೆ ಹೇಳುತ್ತಿದ್ದ ಅಜ್ಜನ ಮುಖ ನೋಡಿದರು. ಅಜ್ಜ ಹೆಗಲು ಕುಣಿಸಿ ಕಂಬಳಿ ಎಳೆದುಕೊಂಡ.

"ಇಲ್ಲ ಅಂದ್ರ ಇಲ್ಲ ಬಿಡಪಾ. ನಡೆದದ್ದು ಮಾತ್ರ ಖರೆ. ಮತ್ತ ಆಕಿ ಎಲ್ಲಿ ಕುಂತಿದ್ಲು... ಅದನ್ನ ನೀನ ಹೇಳು."