ಖಾವೆತ್ಸಾ ಅರ್ಧಕ್ಕೆ ಬಿಟ್ಟ ದುಂಬಿ

ದೀಪ ಸ್ವಲ್ಪ ಸಣ್ಣದು ಮಾಡಿ. ಮಕ್ಕಳು ಮಲಗಿದಾವಾ ನೋಡಿ... ಸರಿ. ಇದು ಎಲ್ಲೋ ಯಾರಿಗೋ ಆದದ್ದಲ್ಲ. ನಮ್ಮ ಬೇಲಿಯ ಆಚೆ ಮನೆ ಶಿತ್ಸಾಮನಿಗೆ ಆದದ್ದು.

ಅವತ್ತು ಅವನು ಕಾಕಾಮೆಗಾ ಪೇಟೆಯಿಂದ ಬರುವಾಗ ತಡವಾಗಿತ್ತು. ಬಾಡಿಗೆ ಬೈಕಿನವನು ಸೇತುವೆ ಹತ್ತಿರವೇ ಗಾಡಿ ನಿಲ್ಲಿಸಿಬಿಟ್ಟ. "ಮುಂದೆ ಕೆಸರು ಅಣ್ಣಾ, ಬರಲ್ಲ" ಅಂದ. ಕೆಸರೂ ಇಲ್ಲ, ಮಣ್ಣೂ ಇಲ್ಲ. ಹೆದರಿಕೆ ಅಷ್ಟೆ. ಮುಂದೆ ಒರತೆ, ಒರತೆಯ ಮೇಲೆ ಆ ಮುದಿ ಅತ್ತಿಮರ. ಕತ್ತಲಾದ ಮೇಲೆ ಅಲ್ಲಿ ನಮ್ಮೂರಿನವರೂ ಮಾತಾಡದೆ ದಾಟುತ್ತಾರೆ.

ಶಿತ್ಸಾಮ ಟಾರ್ಚ್ ಹಿಡಿದು ನಡೆದ. ಕಬ್ಬಿನ ಗರಿ ಸರಸರ ಅನ್ನುತ್ತಿತ್ತು. ಕಪ್ಪೆ ವಟಗುಟ್ಟುತ್ತಿದ್ದವು. ಒರತೆಯ ಕೊಳವೆಯಿಂದ ನೀರು ಕಲ್ಲಿಗೆ ಬೀಳುವ ಸದ್ದು... ಚೊಳ್, ಚೊಳ್, ಚೊಳ್.

ಅದರ ನಡುವೆ...

"ಗುಕ್."

ಬಾಯಿಗೆ ಬಟ್ಟೆ ಒತ್ತಿಕೊಂಡು ಕೆಮ್ಮಿದ ಹಾಗೆ. ಮೊದಲು ಒಂದು. ಆಮೇಲೆ ಎರಡು, ಒಟ್ಟಿಗೆ.

ಅವನು ನಿಂತ. ಆ ಕೆಮ್ಮು ಅವನಿಗೆ ಗೊತ್ತು. ಆ ಕೆಮ್ಮಿನವಳನ್ನು ಮಣ್ಣು ಮಾಡಿ ಅವತ್ತಿಗೆ ಮೂವತ್ತೊಂದು ದಿನ.

ಬೇರೆ ಯಾರಾದರೂ ಆಗಿದ್ದರೆ ಚಪ್ಪಲಿ ಬಿಟ್ಟು ಓಡುತ್ತಿದ್ದರು. ಇವನು ಓಡಲಿಲ್ಲ. "ಖಾವೆತ್ಸಾ?" ಅಂದ, ಮೆಲ್ಲಗೆ.

ಕಪ್ಪೆಗಳ ಸದ್ದು ನಿಂತಿತು. ಇನ್ನೂ ಸ್ವಲ್ಪ ಹೊತ್ತು ಕಾದು, ಮನೆಗೆ ನಡೆದ.

ಶಿತ್ಸಾಮನ ಕೆಲಸ ಹುಳುಗಳ ಫೋಟೊ ತೆಗೆಯುವುದು. ಗೂಳಿಕಾಳಗಕ್ಕೆ ಪ್ರಾಣ ಬಿಡುವ ಊರಲ್ಲಿ ಇಂಥ ಕೆಲಸ ಮಾಡುವವನನ್ನು ಜನ ಬಿಡುತ್ತಾರಾ? "ನಮ್ಮ ಗೂಳಿ ಗೆದ್ದಿದೆ, ನಿನ್ನ ಜಿರಳೆ ಗೆದ್ದಿತೇನೋ?" ಅಂತ ಕೆಣಕುವರು. ಅವನು ನಗುವನು. ಆದರೆ ರಾಜಧಾನಿಯ ವಸ್ತುಸಂಗ್ರಹಾಲಯದವರು ನಮ್ಮ ಕಾಡಿನ ದುಂಬಿಗಳ ಬಗ್ಗೆ ದಪ್ಪ ಪುಸ್ತಕ ಮಾಡುವಾಗ ಹುಡುಕಿಕೊಂಡು ಬಂದದ್ದು ಇವನ ಮನೆಗೇ.

ಇವನ ಮನೆಗೆ ಅಂದೆ. ನಿಜ ಹೇಳಬೇಕಂದರೆ ಅವರು ಬಂದದ್ದು ಅವನ ಹೆಂಡತಿ ಖಾವೆತ್ಸಾಳ ಕೈಚಳಕಕ್ಕೆ.

ಸತ್ತ ಹುಳ ಒಣಗಿ ಕಡ್ಡಿಯ ಹಾಗೆ ಆಗಿರುತ್ತದೆ. ಮುಟ್ಟಿದರೆ ಕಾಲು ಮುರಿಯುತ್ತದೆ. ಖಾವೆತ್ಸಾ ಅದನ್ನು ಒದ್ದೆ ಮರಳು ಹಾಕಿದ ತಗಡಿನ ಡಬ್ಬಿಯಲ್ಲಿ ಒಂದು ದಿನ ಇಡುವಳು. ಬೂಷ್ಟು ಹಿಡಿಯದ ಹಾಗೆ ಒಂದು ತೊಟ್ಟು ಲವಂಗದ ಎಣ್ಣೆ. ಮೆತ್ತಗಾದ ಮೇಲೆ ಮೈಗೆ ಒಂದು ಸಣ್ಣ ಸೂಜಿ ಚುಚ್ಚಿ ನಿಲ್ಲಿಸಿ, ಒಂದೊಂದೇ ಕಾಲು ಸರಿಮಾಡುವಳು. ಮೀಸೆಗೆ ಮಾತ್ರ ಸೂಜಿ ಇಲ್ಲ, ಕೋಳಿಪುಕ್ಕದ ತುದಿ. ಮೂರು ದಿನ ಆರಲು ಬಿಟ್ಟರೆ ಹುಳ ಹಾಗೇ ನಿಲ್ಲುತ್ತಿತ್ತು.

"ಕಾಲು ತೀರಾ ಚಾಚಿದ್ರೂ ಹೆಣ, ತೀರಾ ಮಡಚಿದ್ರೂ ಹೆಣ" ಅನ್ನುವಳು. "ನಡೀತಾ ಇದ್ದಾಗ ಹಿಂದಿಂದ ಯಾರೋ ಕರೆದ್ರು ಅಂತ ನಿಂತಂಗೆ ಇರ್ಬೇಕು."

ಶಿತ್ಸಾಮ ಕೈ ಹಾಕಲು ಹೋದರೆ, "ನಿನ್ನ ಕೈ ಜೋಳ ಬಿಡಿಸೋಕೆ ಸರಿ, ದೂರ ಇರು" ಅಂತ ಬೈಗುಳ.

ಆಮೇಲೆ ಅವನ ಸರದಿ. ಕ್ಯಾಮರಾವನ್ನು ಒಂದು ಸಣ್ಣ ಹಳಿಯ ಮೇಲೆ ಕೂರಿಸಿರುತ್ತಾನೆ. ಅದು ತಾನೇ ಕೂದಲೆಳೆಯಷ್ಟು ಮುಂದೆ ಸರಿದು, ಒಂದು ಫೋಟೊ ತೆಗೆದು, ಮತ್ತೆ ಸರಿಯುತ್ತದೆ. ಒಂದು ದುಂಬಿಗೆ ನೂರ ಎಂಬತ್ತು ಫೋಟೊ. ಎಲ್ಲ ಸೇರಿಸಿದರೆ ಒಂದು ಚಿತ್ರ. ಆ ಅರ್ಧ ಗಂಟೆ ಕೋಣೆಯಲ್ಲಿ ಯಾರೂ ಅಲುಗುವ ಹಾಗಿಲ್ಲ. ಅಂಗಳದಲ್ಲಿ ಕೋಳಿ ಓಡಿದರೂ ಚಿತ್ರ ಕೆಟ್ಟಿತು.

ಹೋದ ವರ್ಷದ ಕೊನೆಗೆ ಖಾವೆತ್ಸಾ ಕೆಮ್ಮಲು ಶುರುಮಾಡಿದಳು. ಹುಳ ಕೆಡದ ಹಾಗೆ ಇಡುವ ನುಸಿಗುಳಿಗೆಯ ವಾಸನೆಗೆ ಅಂತ ಇಬ್ಬರೂ ಅಂದುಕೊಂಡರು. ಕ್ಯಾಮರಾ ನಡೆಯುವಾಗ ಕೆಮ್ಮು ಬಂದರೆ ಅವನು ತಲೆಯನ್ನೂ ತಿರುಗಿಸದೆ ಹೇಳುವನು:

"ಹೊರಗೆ ಹೋಗಿ ಕೆಮ್ಮು."

ಅವಳು ಹೋಗುವಳು. ಸೂರಿನ ಕೆಳಗೆ, ಮಳೆಯೋ ಚಳಿಯೋ, ಹೊದ್ದ ಬಟ್ಟೆ ಬಾಯಿಗೆ ಒತ್ತಿಕೊಂಡು. ಗುಕ್... ಗುಕ್, ಗುಕ್. ನಮ್ಮ ಮನೆಗೆ ಕೇಳುತ್ತಿತ್ತು. ನಾಲ್ಕು ತಿಂಗಳು ಕೇಳಿದೆವು. ಆಸ್ಪತ್ರೆಯವರು ಪುಪ್ಪುಸ ತಿಂದುಹೋಗಿದೆ ಅಂದ ಮೇಲೆ ಅವಳು ಉಳಿದದ್ದು ಹದಿನೇಳು ದಿನ.

ಹೆಣದ ಪೆಟ್ಟಿಗೆಯ ಮೇಲೆ ಇಡಲು ಫೋಟೊ ಬೇಕಲ್ಲ? ಅವನ ಅಕ್ಕ ಮುಹೊಂಜಾ ಕೇಳಿದಳು, "ನಿನ್ ಕಂಪ್ಯೂಟರಲ್ಲಿ ಇರೋದ್ರಲ್ಲಿ ಚೆನ್ನಾಗಿರೋದು ಒಂದು ಕೊಡೋ." ಅವನು ಬೆಳಗಿನ ತನಕ ಹುಡುಕಿದ. ನಲವತ್ತು ಸಾವಿರ ಹುಳ ಸಿಕ್ಕವು. ಹೆಂಡತಿ ಸಿಗಲಿಲ್ಲ. ಒಂದು ನೊಣದ ಹಿಂದೆ ಅವಳ ಹೆಬ್ಬೆರಳು, ಅದೂ ಮಸುಕು... ಅಷ್ಟೆ. ಕೊನೆಗೆ ಗುರುತಿನ ಚೀಟಿಯ ಚಿತ್ರವನ್ನೇ ದೊಡ್ಡದು ಮಾಡಿಸಿದರು. ಮುಖ ಬರೀ ಚುಕ್ಕಿ ಚುಕ್ಕಿ. ಬಾಳೆಯ ಗುಂಪಿನ ಪಕ್ಕ, ಅಂಗಳದಲ್ಲೇ ಮಣ್ಣು ಮಾಡಿದೆವು. ಅವನು ತಲೆ ಬೋಳಿಸಿಕೊಂಡ. ಅಳಲಿಲ್ಲ.

ಪುಸ್ತಕಕ್ಕೆ ಒಂದೇ ದುಂಬಿ ಬಾಕಿ ಇತ್ತು. ಮೈಗಿಂತ ಮೀಸೆ ಉದ್ದ ಇರುವ ಜಾತಿ. ಖಾವೆತ್ಸಾ ಆಸ್ಪತ್ರೆಗೆ ಹೋಗುವ ಮುನ್ನ ಆರೂ ಕಾಲು, ಬಲಗಡೆಯ ಮೀಸೆ ನಿಲ್ಲಿಸಿದ್ದಳು. ಎಡಗಡೆಯ ಮೀಸೆ ಎದೆಯ ಕೆಳಗೆ ಮಡಚಿಕೊಂಡೇ ಇತ್ತು. ವಸ್ತುಸಂಗ್ರಹಾಲಯದ ಹೆಂಗಸು ಪಾಪ, "ಅದನ್ನ ಬಿಟ್ಟುಬಿಡಿ, ಪರವಾಗಿಲ್ಲ" ಅಂದಳು. ಇವನು ಕೇಳಲಿಲ್ಲ. ಖಾವೆತ್ಸಾ ಕೊನೆಗೆ ಮುಟ್ಟಿದ ಹುಳ ಅದು. ತಾನೇ ಕೋಳಿಪುಕ್ಕ ಹಿಡಿದು ನೋಡಿದ. ಮೀಸೆ ಮುರಿದೀತು ಅನ್ನಿಸಿ ಇಟ್ಟುಬಿಟ್ಟ.

ಸರಿ, ಆ ರಾತ್ರಿಗೆ ಬರೋಣ. ಮುಹೊಂಜಾ ಉಗಾಲಿ ಮುದ್ದೆ ಮುಚ್ಚಿಟ್ಟು ಕಾದಿದ್ದಳು. ತಮ್ಮನ ಮುಖ ನೋಡಿ ಎದ್ದು ನಿಂತಳು.

"ದೀಪಕ್ಕೆ ಬ್ಯಾಟರಿ ತರೋಕೆ ಇಷ್ಟೊತ್ತಾ? ಮುಖ ಯಾಕೋ ಹಂಗಾಗಿದೆ?"

"ಅಕ್ಕಾ... ಒರತೆ ಹತ್ರ ಕೆಮ್ಮಿದ್ಳು."

"ಶ್! ಬಾಯಿ ಮುಚ್ಚು." ಅವಳ ದನಿ ಇಳಿಯಿತು. "ನೀನೇನ್ ಮಾಡ್ದೆ?"

"ಹೆಸರು ಹಿಡ್ದು ಕರೆದೆ."

"ಅಯ್ಯೋ ಪೆದ್ದು ಮುಂಡೇದೆ! ಕರೆದ್ರೆ ಹಿಂದೇನೇ ಬರ್ತಾರೆ ಕಣೋ."

"ಬರ್ಲಿ ಅಂತಾನೇ ಕರೆದಿದ್ದು."

ಊಟ ಮಾಡಲಿಲ್ಲ. ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ಮೀಸೆ ಮಡಚಿದ್ದರೆ ಮಡಚಿರಲಿ, ಅವಳು ಬಿಟ್ಟ ಹಾಗೇ ತೆಗೆಯುತ್ತೇನೆ ಅಂತ ದುಂಬಿಯನ್ನು ದೀಪದ ಮುಂದೆ ನಿಲ್ಲಿಸಿದ. ಗುಂಡಿ ಒತ್ತಿದ.

ಟಕ್... ಜ್ಝಿ... ಟಕ್... ಜ್ಝಿ... ಹತ್ತು ಸೆಕೆಂಡಿಗೊಂದು.

ಎಷ್ಟು ಹೊತ್ತಾಯಿತೋ. ಹೊರಗೆ, ಸೂರಿನ ಕೆಳಗೆ...

"ಗುಕ್."

ಅಡುಗೆಮನೆಯಲ್ಲಿ ಮುಹೊಂಜಾಳಿಗೂ ಕೇಳಿತು. ತನ್ನ ಕೈಯಲ್ಲಿದ್ದ ಸೌಟು ಒಲೆಗೇ ಬಿತ್ತು ಅಂತ ಅವಳೇ ನನಗೆ ಹೇಳಿದ್ದು.

"ಗುಕ್, ಗುಕ್."

ಕ್ಯಾಮರಾ ನಡೆಯುವಾಗ ಹದಿನೈದು ವರ್ಷದಲ್ಲಿ ಒಂದು ಸಲವೂ ಅಲುಗದ ಶಿತ್ಸಾಮ ಅವತ್ತು ಎದ್ದ. ದಡದಡ ಹೋಗಿ ಅಂಗಳದ ಕಡೆಯ ಬಾಗಿಲು ತೆರೆದ. ಹೊರಗೆ ಕತ್ತಲೆ. ಸೂರಿನಿಂದ ಇಬ್ಬನಿ ತೊಟ್ಟಿಕ್ಕುತ್ತಿತ್ತು. ಯಾರೂ ಇಲ್ಲ.

"ಒಳಗೆ ಬಾ" ಅಂದ. "ಚಿತ್ರ ಹಾಳಾದ್ರೆ ಹಾಳಾಗ್ಲಿ. ಒಳಗೇ ಕೆಮ್ಮು... ಬಾರೇ. ನಾನು ಹಂಗೆ ಹೇಳ್ಬಾರ್ದಿತ್ತು."

ಅವನು ಬಾಗಿಲ ಚಿಲಕ ಹಿಡಿದು ನಿಂತೇ ಇದ್ದ.

ಬೆನ್ನ ಹಿಂದೆ, ಮೇಜಿನ ಹತ್ತಿರ, ಸ್ಟೂಲು ಕಿರ್ರ್ ಅಂದಿತು. ಯಾರೋ ಕೂತ ಹಾಗೆ. ಲವಂಗದ ವಾಸನೆ. ಡಬ್ಬಿಯ ಮುಚ್ಚಳ... ಟಿಕ್.

ತಿರುಗಲು ಹೋದ.

"ಅಲುಗ್ಬೇಡ."

ಪಿಸುಮಾತು. ಅವಳದೇ. ಸಿಟ್ಟಿಲ್ಲ. ಕೆಲಸದ ನಡುವೆ ಹೇಳುವ ಹಾಗೆ.

ಅವನು ಅಲುಗಲಿಲ್ಲ. ಕತ್ತಲೆಗೆ ಮುಖ ಮಾಡಿ ನಿಂತ. ಹಿಂದೆ ಕೋಳಿಪುಕ್ಕ ಮೇಜಿಗೆ ಉಜ್ಜಿದ್ದು ಕೇಳಿತು... ಸರ್. ಕ್ಯಾಮರಾ ನಡೆಯುತ್ತಲೇ ಇತ್ತು, ಟಕ್... ಜ್ಝಿ... ನಡುವೆ ಅವಳು ಕೆಮ್ಮಿದಳು. ಬಟ್ಟೆ ಒತ್ತಿಕೊಳ್ಳದೆ, ಬಾಯಿಬಿಟ್ಟು, ಎದೆ ಹಗುರಾಗುವ ಹಾಗೆ. ಅವನು ಅತ್ತ. ಮೂವತ್ತೊಂದು ದಿನದ ಮೇಲೆ ಆಗ ಅತ್ತ. ಹೆಗಲು ಕುಲುಕಿದರೆ ನೆಲ ಅಲುಗೀತು ಅಂತ ಉಸಿರು ಬಿಗಿಹಿಡಿದು ಅತ್ತ.

ಕ್ಯಾಮರಾ ನಿಂತಿತು. ಆಗ ತಿರುಗಿದ.

ಸ್ಟೂಲು ಖಾಲಿ. ದುಂಬಿಯ ಎಡಮೀಸೆ ಬಿಚ್ಚಿಕೊಂಡು, ಬೆನ್ನ ಮೇಲಿಂದ ಬಿಲ್ಲಿನ ಹಾಗೆ ಬಾಗಿ ನಿಂತಿತ್ತು.

ಬೆಳಿಗ್ಗೆ ಮುಹೊಂಜಾ ಚಹಾ ತಂದಾಗ ಅವನು ಬಾಳೆಯ ಗುಂಪಿನ ಹತ್ತಿರ, ಹಸಿಮಣ್ಣಿನ ಪಕ್ಕ ಕೂತಿದ್ದ.

"ಒಂದು ಸಲ ತಿರುಗಿ ನೋಡೋದಲ್ವೇನೋ" ಅಂದಳು.

"ಬೇಡ ಅಂದ್ಳಲ್ಲಕ್ಕಾ."

"ಅಂದ್ರೇನಾಯ್ತು? ಹೆಂಡ್ತಿ ಮುಖ ಕಣೋ..."

"ನಾನು ಹೊರಗೆ ಹೋಗು ಅಂದಾಗೆಲ್ಲ ಅವ್ಳು ಹೋದ್ಳು. ಒಂದು ದಿನಾನೂ ಎದುರಾಡ್ಲಿಲ್ಲ." ಚಹಾ ಕೈಯಲ್ಲೇ ಆರಿತು. "ಅವ್ಳು ಹೇಳಿದ್ದು ನಾನು ಇದೊಂದು ಕೇಳ್ಬೇಕಾಗಿತ್ತು."

ಆಮೇಲೆ ಆ ಕೆಮ್ಮು ಯಾರಿಗೂ ಕೇಳಿಲ್ಲ. ಒರತೆಯ ಹತ್ತಿರವೂ ಇಲ್ಲ, ಸೂರಿನ ಕೆಳಗೂ ಇಲ್ಲ. ಅವನು ಈಗಲೂ ಕೆಲವು ರಾತ್ರಿ ಬಾಗಿಲು ತೆರೆದಿಟ್ಟೇ ಕೂರುತ್ತಾನೆ.

ನಂಬದಿದ್ದರೆ ಬಿಡಿ. ಆ ರಾತ್ರಿಯ ನೂರ ಎಂಬತ್ತು ಫೋಟೊ ಅವನ ಕಂಪ್ಯೂಟರಿನಲ್ಲಿವೆ, ನಾನೇ ಒಂದೊಂದಾಗಿ ನೋಡಿದ್ದೇನೆ. ಅರವತ್ತನೆಯದರ ತನಕ ಮೀಸೆ ಮಡಚಿದೆ. ಎಪ್ಪತ್ತೈದರಿಂದ ಬಿಚ್ಚಿದೆ. ನಡುವಿನವು ಪೂರ್ತಿ ಕಪ್ಪು. ದೀಪ ಆರಿರಬೇಕು ಅಂತೀರಾ? ಹೊಸ ಬ್ಯಾಟರಿ. ಅಡುಗೆಮನೆ ಕಡೆಯ ಬಾಗಿಲ ಸಂದಿಯ ಬೆಳಕು ಒಂದು ಚಣವೂ ಹೋಗಲಿಲ್ಲ ಅಂತ ಮುಹೊಂಜಾ ಆಣೆ ಮಾಡುತ್ತಾಳೆ. ದೀಪಕ್ಕೂ ಕ್ಯಾಮರಾಕ್ಕೂ ನಡುವೆ ಯಾರೋ ಬಗ್ಗಿ ನಿಂತಂಥ ಕಪ್ಪು.

ಹದಿನಾಲ್ಕು ಫೋಟೊ. ಎಣಿಸಿದ್ದೇನೆ.