ಆಣೆ ಉಳಿಸಿಕೊಂಡ ಅಪ್ಪ

ನೋಡಿ, ಒಂದು ಊರು, ಆ ಊರಿನಲ್ಲಿ ಒಬ್ಬ ಸಾಹುಕಾರ. ನಮ್ಮ ಹಾಗೆಯೇ ಭಾನುವಾರ ತಪ್ಪದೆ ಸಭೆಗೆ ಬರುವವನು, ಮುಂದಿನ ಬೆಂಚಿನವನು. ದೇವರ ಪುಸ್ತಕದ ಒಂದೊಂದು ಅಕ್ಷರವೂ ದೇವರ ಬಾಯಿಂದಲೇ ಬಂದದ್ದು, ಬರೆದಂತೆಯೇ ನಡೆಯಬೇಕು ಎನ್ನುವವನು. ಯಾರಾದರೂ ಅರ್ಥ ಬಿಡಿಸಿ ಹೇಳಹೋದರೆ, ದೇವರಿಗೆ ನೆಟ್ಟಗೆ ಹೇಳಲು ಬರುತ್ತಿರಲಿಲ್ಲವೇ ಎಂದು ಬಾಯಿ ಮುಚ್ಚಿಸುತ್ತಿದ್ದ. ತಲೆಯಾಡಿಸುತ್ತಿದ್ದೀರಿ, ಸತ್ಯಾನಂದಪ್ಪನವರೇ. ಸ್ವಲ್ಪ ತಡೆಯಿರಿ.

ಅವನಿಗೆ ಒಬ್ಬಳೇ ಮಗಳು. ಮದುವೆ ಮನೆಗಳಲ್ಲಿ ಬ್ಯಾಂಡು ಬಾರಿಸುವ ಹುಡುಗನನ್ನು ಮೆಚ್ಚಿ ಕಟ್ಟಿಕೊಂಡಳು. ಸಾಹುಕಾರನಿಗೆ ತಲೆ ಎತ್ತಿ ತಿರುಗುವುದು ಕಷ್ಟವಾಯಿತು. ಮುಂದಿನ ಭಾನುವಾರ ಸಭೆಯ ಎದುರಿಗೆ ಬಂದು, ಪುಸ್ತಕದ ಮೇಲೆ ಕೈಯಿಟ್ಟು, "ಆಕಿ ಮನಿ ಹೊಸ್ತಿಲಾ ನಾ ದಾಟೂದಿಲ್ಲ" ಎಂದು ಆಣೆ ಮಾಡಿದ. ದೇವರಿಗೆ ಕೊಟ್ಟ ಮಾತು ತಪ್ಪಬಾರದೆಂದು ಅದೇ ಪುಸ್ತಕದಲ್ಲಿ ಇದೆಯಲ್ಲ? ಇದೆ. ಆದರೆ ಸಿಟ್ಟಿನಲ್ಲಿ ಆಡಿದ ಮಾತಿಗೆ ದೇವರನ್ನು ಸಾಕ್ಷಿ ನಿಲ್ಲಿಸು ಎಂದು ಇದೆಯೇ?

ವರ್ಷಗಳು ಕಳೆದವು. ಮಗಳು ಹಾಸಿಗೆ ಹಿಡಿದಳು, ಡಾಕ್ಟರು ಕೈಚೆಲ್ಲಿದರು. ಅಪ್ಪನ ಕೈಯಿಂದ ಒಂದು ಗುಟುಕು ನೀರು ಕುಡಿಯಬೇಕು ಎಂದು ಅವಳು ಹೇಳಿಕಳಿಸಿದಳು. ಅಪ್ಪ ಬಂದ. ಕಲ್ಲುಮನಸ್ಸಿನವನಲ್ಲ, ನೋಡಿ; ದಾರಿಯುದ್ದಕ್ಕೂ ಅಳುತ್ತಲೇ ಬಂದ. ಬಂದು ಹೊಸ್ತಿಲ ಹೊರಗೆ ನಿಂತ. ಅವಳನ್ನೇ ಹೊರಗೆ ಎತ್ತಿ ತರೋಣವೆಂದರೆ, ಮುಟ್ಟಿದರೆ ನರಳುತ್ತಿದ್ದಳು. ಒಳಗೆ ಮಗಳು, ಹೊರಗೆ ಅಪ್ಪ, ನಡುವೆ ಒಂದು ಕಟ್ಟಿಗೆ.

ಪಾಸ್ಟರು ಬಂದರು. ದೇವರು ಕ್ಷಮಿಸುತ್ತಾನೆ, ಒಳಗೆ ಹೋಗು ಎಂದರು. ಸಾಹುಕಾರ ಕಣ್ಣೊರೆಸಿಕೊಂಡು ಕೇಳಿದ: "ಪುಸ್ತಕದಾಗಿಂದು ದೇವರ ಮಾತು ಹೌದೋ ಅಲ್ಲೋ, ಅದಷ್ಟ ಹೇಳ್ರಿ."

ಪಾಸ್ಟರು ಹೌದು ಎಂದರು. ಅಲ್ಲೇ ತಪ್ಪಿದ್ದು! ದೇವರ ಮಾತು ಹೌದು, ಆದರೆ ಅದನ್ನು ಕೇಳಿಸಿಕೊಂಡವರು, ಬರೆದವರು, ಓದುವವರು ನಮ್ಮಂಥ ಮನುಷ್ಯರು ಎನ್ನಬೇಕಿತ್ತು. ಎನ್ನಲಿಲ್ಲ.

ಮಗಳಿಗೆ ಎಲ್ಲ ಕೇಳಿಸಿತು. "ಅಪ್ಪಾ, ಹೊಸ್ತಿಲಾನ ಕಿತ್ತ ಹಾಕಿದ್ರ ಬರ್ತೀ ಏನು?" ಎಂದಳು.

ಬರುತ್ತೇನೆ ಎಂದ. ಹೊಸ್ತಿಲೇ ಇಲ್ಲದಿದ್ದರೆ ಆಣೆ ಮುರಿಯುವುದಿಲ್ಲವಲ್ಲ. ಅವಳ ಗಂಡ ಹಾರೆ ತಂದ. ಹಳೆಯ ಸಾಗವಾನಿ, ಗೋಡೆಯೊಳಗೆ ಹೂತದ್ದು, ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ಅಪ್ಪನೂ ಹೊರಗಿನಿಂದ ಕೈಹಚ್ಚಿ ಎಳೆದ. ಉಗುರು ಕಿತ್ತು ರಕ್ತ ಬಂತು, ಆದರೂ ಎಳೆದ. ಕೊನೆಗೆ ಹೊಸ್ತಿಲು ಕಿತ್ತು ಬಂದಾಗ ಒಳಗಿಂದ ಯಾರೂ ಕರೆಯುತ್ತಿರಲಿಲ್ಲ.

ಅಪ್ಪ ಒಳಗೆ ಹೋದ. ತಣ್ಣಗಾದ ತುಟಿಗೆ ನೀರು ಬಿಟ್ಟ. ನೀರು ಕೆನ್ನೆಯ ಮೇಲೆ ಹರಿದು ದಿಂಬಿಗೆ ಹೋಯಿತು. ಆಣೆ ಉಳಿಯಿತು, ಒಂದಕ್ಷರವೂ ಮುಕ್ಕಾಗಲಿಲ್ಲ.

ಈಗ ಹೇಳಿ, ಆ ಹೊತ್ತಿನಲ್ಲಿ ದೇವರು ಎಲ್ಲಿಂದ ಮಾತಾಡುತ್ತಿದ್ದ? ಪುಸ್ತಕದಿಂದಲೋ, ಆ ಹಾಸಿಗೆಯಿಂದಲೋ? ನನಗೆ ಹೊಟ್ಟೆ ಉರಿಯುತ್ತದೆ, ಏಕೆಂದರೆ ಆ ಸಾಹುಕಾರ ಈ ಬೆಂಚುಗಳ ಮೇಲೆಯೇ ಕೂತಿದ್ದಾನೆ. ವಾಕ್ಯ ತೋರಿಸಿ ಸೊಸೆಯ ಬಾಯಿ ಮುಚ್ಚಿಸುವವರು ನೀವೇ. ವಾಕ್ಯ ತೋರಿಸಿ ತಮ್ಮನ ಮಣ್ಣಿಗೂ ಹೋಗದವರು ನೀವೇ. ಪುಸ್ತಕ ಮುಚ್ಚಿಡಿ ಎನ್ನುತ್ತಿಲ್ಲ, ದಿನವೂ ಓದಿ. ಆದರೆ ಅದನ್ನು ಹಿಡಿದು ಯಾರಿಗಾದರೂ ಇಲ್ಲ ಎನ್ನುವ ಮೊದಲು ಅವರ ಮುಖ ನೋಡಿ. ಮುಖ ನೋಡಲು ಆಗದಿದ್ದರೆ ನೀವು ಓದಿದ್ದು ತಪ್ಪು. ಇವತ್ತು ಪ್ರಾರ್ಥನೆ ಮುಗಿದ ಮೇಲೆ ನೆಟ್ಟಗೆ ಮನೆಗೆ ಹೋಗಬೇಡಿ. ಮಾತು ಬಿಟ್ಟವರ ಮನೆಗೆ ಹೋಗಿ. ಅವರು ಇನ್ನೂ ಕರೆಯುತ್ತಿರುವಾಗಲೇ ಹೋಗಿ.