ಮೂವರು ಕೂಡಿ ಬರಬಾರದು

ಮಾಗಡಿ ಕೆರೆ ದಾಟಿ ಶಿರಹಟ್ಟಿ ಕಡೆ ಹೊರಳಿದರೆ, ಎರಿಹೊಲಗಳ ನಡುವೆ ಒಂದು ಬಂಡಿದಾರಿ ಗುಡ್ಡದ ಬುಡಕ್ಕೆ ಹೋಗುತ್ತದೆ. ದಾರಿಗೆ ಅಡ್ಡವಾಗಿ ಕಬ್ಬಿಣದ ಗೇಟು, ಗೇಟಿಗೆ ಅಂಗೈ ಅಗಲದ ಕೀಲಿ, ಎರಡೂ ಕಡೆ ಮುಳ್ಳುತಂತಿ. ಬೇಲಿಯ ಒಳಗೆ ತಗಡು ಹೊದಿಸಿದ ಒಂದು ಹೊಲದ ಮನೆ. ಶ್ರಾವಣದ ಆ ಸಂಜೆ ಮಳೆ ಹಿಡಿದುಕೊಂಡಾಗ ಆ ಮನೆಯ ಪಡಸಾಲೆಯಲ್ಲಿ ಮೂರು ಮಂದಿ ತೊಯ್ದು ತಪ್ಪಡಿಯಾಗಿ ಕೂತಿದ್ದರು. ಅವರೆದುರು ಗೋಡೆಗೆ ಬೆನ್ನು ಹಚ್ಚಿ, ಹೊಲದ ಒಡೆಯ ಹುಚ್ಚೀರಪ್ಪಜ್ಜ. ಬೇರೆ ದಿನವಾಗಿದ್ದರೆ ಈ ನಾಲ್ವರು ಒಂದು ಸೂರಿನ ಕೆಳಗೆ ಕೂಡುವ ಮಂದಿಯೇ ಅಲ್ಲ. ಆದರೆ ಶಿವನ ಮಳೆಗೆ ಹಗೆ ಯಾವುದು, ಕೆಳೆ ಯಾವುದು ಗೊತ್ತಿಲ್ಲ. ಅದು ಸುರಿಯುತ್ತದೆ, ನಾವು ಓಡುತ್ತೇವೆ.

ಮೂವರಲ್ಲಿ ಹಿರಿಯನಾದ ಸಿದ್ದರಾಮ ಬೆಟಗೇರಿಯಲ್ಲಿ ಬೈಕು ರಿಪೇರಿ ಅಂಗಡಿ ಇಟ್ಟವನು. ರಜೆ ಬಂತೆಂದರೆ ಡಾಂಬರು ಬಿಟ್ಟು ಗುಡ್ಡ, ಹಳ್ಳ, ಕೆಸರಿನಲ್ಲಿ ಬೈಕು ಹೊಡೆಯುವವರ ಒಂದು ಗುಂಪು ಕಟ್ಟಿದ್ದ. ಬರುವ ಭಾನುವಾರ ಹುಬ್ಬಳ್ಳಿ, ದಾವಣಗೆರೆ ಕಡೆಯಿಂದ ನಲವತ್ತು ಮಂದಿ ಬರುವವರಿದ್ದರು. ಗುಡ್ಡ ಹತ್ತಿಸುತ್ತೇನೆಂದು ಅವರಿಗೆ ಮಾತು ಕೊಟ್ಟಿದ್ದ. ಗುಡ್ಡಕ್ಕೆ ಇದ್ದದ್ದು ಇದೊಂದೇ ದಾರಿ. ಎರಡು ಸಲ ಬಂದು ಇದನ್ನೆಲ್ಲ ಹೇಳಿ ಕೇಳಿದ್ದ. ಎರಡು ಸಲವೂ ಅಜ್ಜ ನಾಯಿ ಬಿಟ್ಟಿದ್ದ. ಅದಕ್ಕೇ ಈ ಸಲ ಗ್ರಾಮನಕಾಶೆಯ ಪ್ರತಿ ಕಿಸೆಯಲ್ಲಿಟ್ಟುಕೊಂಡು, ಗೆಳೆಯ ಶಾಕೀರನನ್ನೂ ಲಕ್ಷ್ಮೇಶ್ವರದ ಕಾಳಿನ ವ್ಯಾಪಾರಿಯ ಮಗಳು ಸೌಂದರ್ಯಾಳನ್ನೂ ಕರೆದುಕೊಂಡು, ಕೇಳದೇ ಬಂದಿದ್ದ.

ಗೇಟಿಗೆ ಕಟ್ಟಿದ ತಗಡಿನ ಮೇಲೆ ಸುಣ್ಣದಲ್ಲಿ ಬರೆದಿತ್ತು: ‘ಕೇಳದೆ ಬರಬಾರದು. ಮೂವರು ಕೂಡಿ ಬರಬಾರದು.’

“ನಾಲ್ಕು ಮಂದಿ ಬಂದ್ರ ನಡೀತೈತೇನೋ?” ಎಂದು ನಕ್ಕು ಶಾಕೀರ ಅದರ ಫೋಟೋ ಹೊಡೆದುಕೊಂಡಿದ್ದ.

ಗೇಟಿನ ಮಗ್ಗುಲಿಗೇ ಸಿದ್ದರಾಮ ಕಟಿಂಗ್ ಪ್ಲೇಯರ್ ಹಚ್ಚಿ ತಂತಿ ಕತ್ತರಿಸಿದ. ಒಳಗೆ ಹತ್ತು ಮಾರು ಹೋಗಿರಲಿಲ್ಲ, ಮಳೆ ಬಿತ್ತು. ಎರಿಮಣ್ಣು ಮಡ್‌ಗಾರ್ಡಿನಲ್ಲಿ ತುಂಬಿ ಗಾಲಿ ತಿರುಗದಾದವು. ಮೂವರೂ ನೂಕಿ ನೂಕಿ ಸೋತು, ಬೈಕುಗಳನ್ನು ಕೆಸರಲ್ಲೇ ಬಿಟ್ಟು, ಕಂಡ ಸೂರಿಗೆ ಓಡಿ ಬಂದರು. ಎಡಹೆಗಲ ನೋವು ನೂಕಿದ್ದಕ್ಕೆ ಬಂದದ್ದೆಂದು ಸಿದ್ದರಾಮ ಅಂದುಕೊಂಡ. ಆದರೆ ತಂತಿ ದಾಟುವಾಗಲೇ ಹೆಗಲ ಮೇಲೆ ಏನೋ ಭಾರ ಬಂದು ಕೂತಿತ್ತಲ್ಲ ಎಂಬುದೂ ಅವನಿಗೆ ನೆನಪಿತ್ತು. ಬ್ಯಾಗಿನ ಪಟ್ಟಿ ಇರಬೇಕೆಂದು ಬ್ಯಾಗು ತೆಗೆದಿಟ್ಟ. ಭಾರ ಹೋಗಲಿಲ್ಲ.

“ಚಾ ಕುಡೀರಿ,” ಅಂದ ಅಜ್ಜ. “ಕಳ್ಳರಿಗೂ ಚಾ ಕೊಡೂ ಮನಿ ಇದು.”

“ಕಳ್ಳರು ಯಾರ್ರೀ?” ಸಿದ್ದರಾಮ ನಕಾಶೆ ಬಿಚ್ಚಿ ನೆಲಕ್ಕೆ ಹಾಸಿದ. “ನೋಡ್ರಿಲ್ಲೆ, ಸರಕಾರದ ನಕಾಶಿ. ಬಂಡಿದಾರಿ ಐತಿ. ದಾರಿ ನುಂಗಿದಾವ್ರು ನೀವು. ನಾಳೆ ತಹಶೀಲ್ದಾರ ಕಚೇರಿಗೆ ಅರ್ಜಿ ಕೊಡ್ತೇನಿ.”

“ಕೊಡು. ನಿನಗಿಂತ ಮೊದಲ ಆರು ಮಂದಿ ಕೊಟ್ಟಾರ. ನಕಾಶಿ ಓದಾಕ ಬಂದ್ರ ಸಾಲದು ತಮ್ಮಾ, ಬೋರ್ಡ ಓದಾಕೂ ಬರಬೇಕು.”

“ಓದೇವ್ರಿ,” ಅಂದಳು ಸೌಂದರ್ಯಾ. “ಅರ್ಥ ಆಗಲಿಲ್ಲ.”

ಅಜ್ಜ ಆಕೆಯನ್ನು ನೋಡಿದ. ಆಮೇಲೆ ಉಳಿದಿಬ್ಬರನ್ನು, ಎಣಿಸುವವನ ಹಾಗೆ. ಅವನ ಬಲಹೆಗಲು ಎಡಕ್ಕಿಂತ ನಾಲ್ಕು ಬೆರಳು ಕೆಳಗಿತ್ತು, ಒಂಟಿ ನೊಗ ಎಳೆದ ಮುದಿ ಎತ್ತಿನ ಹಾಗೆ. ಎದ್ದು ಹೋಗಿ ದೇವರ ಗೂಡಿನ ದೀಪಕ್ಕೆ ಎಣ್ಣೆ ಹನಿಸಿ, ಬತ್ತಿ ಮುಂದೆ ಮಾಡಿ, ಹಣೆಗೆ ವಿಭೂತಿ ಹಚ್ಚಿಕೊಂಡು ಬಂದು ಕೂತ.

“ಹಂಗಾರ ಕೇಳ್ರಿ. ಈ ದಾರಿ ನಮ್ಮಪ್ಪನ ಕಾಲದಿಂದ ಬಂಡಿದಾರಿ, ಖರೆ. ನಕಾಶಿ ಸುಳ್ಳಲ್ಲ. ಮ್ಯಾಲ ಗುಡ್ಡದ ಬುಡಕ್ಕ ಹುಚ್ಚವ್ವನ ಹೊಲ ಐತಿ, ಅಕಿ ಮಗ ಬೀರಲಿಂಗಪ್ಪ. ಅವರ ಎತ್ತು, ಅವರ ಬಂಡಿ, ಅವರ ಕುರಿ, ಎಲ್ಲಾ ನನ್ನ ಹೊಲದಾಗ ಹಾದ ಹೋಗಬೇಕು... ಹೋಗಲಿ, ಮೊದಲ ಯಾರು ಬ್ಯಾಡ ಅಂದಿದ್ರು? ಆದ್ರ ಬೀರಲಿಂಗಪ್ಪ ಟ್ರ್ಯಾಕ್ಟರ್ ತಂದ, ದಾರಿ ಅಗಲಾತು, ಈ ವರ್ಷ ಒಂದು ಸಾಲು ಹೆಸರಿನ ಬೆಳಿ ಗಾಲಿಗೆ ಹೋತು, ಮರುವರ್ಷ ಎರಡು ಸಾಲು ಹೋತು, ನನ್ನ ಹೊಟ್ಟ್ಯಾಗ ಕಿಚ್ಚು ಬಿತ್ತು. ಗೇಟು ಹಾಕಿದೆ. ಕೀಲಿ ಹಾಕಿದೆ. ಊರ ಹಿರ್ಯಾರು ಹೇಳಿದ್ರು, ಕೇಳಲಿಲ್ಲ. ಕಡೀಕ ಹುಚ್ಚವ್ವ ತಾನ ಬಂದಳು... ಎಂಬತ್ತರ ಮುದುಕಿ, ಕೋಲೂರಿ ಬಂದು ಗೇಟಿಗೆ ಕೈ ಹಚ್ಚಿ ನಿಂತು, ‘ಹುಚ್ಚೀರಾ, ನಡಕೊಂತ ಹೋಗಾಕರ ಬಿಡಪಾ’ ಅಂದಳು. ‘ಹಾರಿ ಹೋಗು’ ಅಂದೆ... ಅಂದೆನಪಾ, ಇದ ನಾಲಿಗೀಲೆ ಅಂದೆ.”

ಚಹಾ ಆರುತ್ತಿತ್ತು. ಯಾರೂ ಮುಟ್ಟಿರಲಿಲ್ಲ.

“ಮುಂದಿನ ಮಳಿಗಾಲಕ್ಕ ಅಕಿ ಸತ್ತಳು. ನಮ್ಮ ಕಡೆ ಅವರವರ ಹೊಲದಾಗ ಅವರವರ ಮಣ್ಣು. ಅಕಿ ಗಂಡನ ಮಗ್ಗಲಕ್ಕ ತಗ್ಗು ತಗದು ಬಂದಿದ್ರು, ಕಲ್ಲಿನ ಕಾಲಹಾದೀಲೆ ಗುಡ್ಡಾ ಸುತ್ತಿ ಹೋಗಿ. ಹೆಣಾ ಹೊತಗೊಂಡು ಗುಡ್ಡಾ ಸುತ್ತಾಕ ಆಕ್ಕೈತೇನು? ಹಿಂಗ... ಇದ ಹೊತ್ತು, ಇಂಥಾದ ಮೋಡ... ಗೇಟಿನ ತನಕ ಬಂದ್ರು. ನಾ ಒಳಗ ನಿಂತೇನಿ, ಕೈಯಾಗ ಕೀಲಿಕೈ ಐತಿ. ಯಾಕ ತಗೀಲಿಲ್ಲ ಅಂತೀರೇನು? ನಮ್ಮ ಹಿರ್ಯಾರ ಮಾತೊಂದೈತಿ. ಬಂಡಿ ಹಾದ ದಾರಿ ಮುಚ್ಚಬಹುದು, ದನಾ ಹಾದ ದಾರಿ ಮುಚ್ಚಬಹುದು, ಹೆಣಾ ಹಾದ ದಾರಿ ಮುಚ್ಚಾಕ ಯಾರಿಗೂ ಬರಂಗಿಲ್ಲ. ಅದು ಕಾಯಂ. ಒಂದು ಸಲ ಬಿಟ್ಟೆ ಅಂದ್ರ ನನ್ನ ಹೊಲಾ ಎರಡು ತುಂಡು, ನನ್ನ ಮೊಮ್ಮಕ್ಕಳ ಕಾಲಕ್ಕೂ ಎರಡು ತುಂಡು... ಅಷ್ಟ ನನ್ನ ತಲ್ಯಾಗಿತ್ತು.

“ಮಣ್ಣಿಗೆ ಒಯ್ಯೂ ಮುಂದ ನಡುದಾರ್ಯಾಗ ಹೆಣಾ ಒಮ್ಮೆ ಇಳಸ್ತಾರ, ನೋಡಿರಬೇಕು ನೀವು. ಮುಂದಿನಾವ್ರು ಹಿಂದ ಹೋಗ್ತಾರ, ಹಿಂದಿನಾವ್ರು ಮುಂದ ಬರ್ತಾರ. ಹೆಗಲು ಬದಲಿ ಮಾಡಿ ಎತ್ತಿದ್ರ ಜೀವಕ್ಕ ಮನಿ ಹಾದಿ ಮರೀತೈತಿ, ಮಣ್ಣಿನ ಹಾದಿ ಕಾಣತೈತಿ. ಅವರು ಗೇಟಿನ ಮುಂದ ಇಳಸಿದ್ರು. ನಾ ತಗದ್ರ ಬದಲಿ ಮಾಡಿ ಎತ್ತಬೇಕು... ತಗೀಲಿಲ್ಲ. ಬೀರಲಿಂಗಪ್ಪ ಬೇಲಿ ಆಚೆಯಿಂದ ನನಗ ಅಡ್ಡಬಿದ್ದ, ತಂತೀ ಮುಳ್ಳು ಹಣಿಗೆ ನಟ್ಟು ರಗತ ಬಂತು, ನಾ ಮಾರಿ ತಿರುವಿದೆ. ಮಳಿ ಜೋರಾತು. ‘ಕತ್ತಲಾಗೂದ್ರಾಗ ಮುಗಸ್ರೆಪಾ’ ಅಂತ ಯಾರೋ ಅಂದ್ರು, ಅವಸರದಾಗ ಇಳಸಿದಾವ್ರ ಅದ ಹೆಗಲಿಗೆ ಎತ್ತಿಬಿಟ್ರು... ಹೆಗಲು ಬದಲಿ ಮಾಡೂದು ಮರತ್ರು. ಊರ ಮುಂದ ಸರಕಾರಿ ಜಾಗಾದಾಗ ಮಣ್ಣು ಕೊಟ್ಟು ಮನೀಗೆ ಹೋದ್ರು. ಆದ್ರ ಅವರು ಒಯ್ದದ್ದು ಏನು? ಬರೇ ಮೈ. ಅಕೀನ ಎಲ್ಲಿ ಇಳಸಿದ್ರೋ ಅಕಿ ಅಲ್ಲೇ ಉಳದಳು.”

“ಕತಿ ಚಲೋ ಹೇಳ್ತೀರಿ ಅಜ್ಜಾರ,” ಅಂದ ಶಾಕೀರ. “ಹೊಲಾ ಕಾಯಾಕ ನಾಯಿ ಇಟ್ರ ರೊಟ್ಟಿ ಹಾಕಬೇಕು. ದೆವ್ವಕ್ಕ ಅದೂ ಬ್ಯಾಡ.”

ಅಂದವನು ತನ್ನ ಬಲಹೆಗಲನ್ನು ಉಜ್ಜಿಕೊಳ್ಳುತ್ತಿದ್ದ. ಸಿದ್ದರಾಮ ಅದನ್ನು ನೋಡಿ, ನೋಡದವನ ಹಾಗೆ ಬಾಗಿಲ ಕಡೆ ಮುಖ ಮಾಡಿದ.

“ಮೂರನೇ ದಿವಸ ಎತ್ತು ಹೊಡಕೊಂಡು ಗೇಟಿಗೆ ಹೋದೆ,” ಅಜ್ಜ ಸಿಟ್ಟಾಗಲಿಲ್ಲ. “ಎತ್ತು ದಾಟಲಿಲ್ಲ. ನಾ ದಾಟಿದೆ... ದಾಟೂದಕ್ಕ ಬಲಹೆಗಲ ಮ್ಯಾಲ ಚಟ್ಟದ ಬಿದಿರು ಇಟ್ಟಂಗಾತು, ಕಿವೀ ಹತ್ತಿರ ಅಕಿ ಧ್ವನಿ, ‘ಬದಲಿ ಮಾಡ್ರೆಪಾ... ಬದಲಿ ಮಾಡ್ರಿ...’ ಅಂತ. ಅಂದಿನಿಂದ ದೀಪಾ ಹಚ್ಚೂ ಹೊತ್ತು ಒಂದು ದಿನಾ ತಪ್ಪಿಲ್ಲ. ಸೋಮೇಶ್ವರಗ ಉದ್ದಕ್ಕ ಬಿದ್ದು ಬಿದ್ದು ದೀಡ ನಮಸ್ಕಾರ ಹಾಕಿದೆ, ಬೀರಲಿಂಗಪ್ಪನ ಕಾಲು ಹಿಡದೆ, ಗೇಟು ಕಿತ್ತ ಒಗದೆ. ಅಕಿ ಹೋಗಲಿಲ್ಲ. ಗೇಟು ತಗದ್ರ ಅಕಿ ಹೆಂಗ ಹೋಗ್ಯಾಳು, ಹೊರಾವ್ರು ಬ್ಯಾಡೇನು? ಕಡೀಕ ಒಬ್ಬ ಮುದುಕ ಜಂಗಮ ಬಂದು ಹೇಳಿದ. ‘ಒಂದು ಹೆಗಲಿಗೆ ಹೆಣಾ ಏಳೂದಿಲ್ಲೋ ಹುಚ್ಚೀರಪ್ಪ, ನಾಲ್ಕು ಬೇಕು. ನಿಂದು ಒಂದಾತು. ಒಬ್ಬಿಬ್ಬರು ಹಾದ್ರ ಅಕಿ ಮುಟ್ಟಂಗಿಲ್ಲ. ಮೂರು ಮಂದಿ ಕೂಡಿ, ಕೇಳದ, ತಾವಾಗಿ ಆ ಜಾಗಾ ದಾಟಿದ್ರ...’ ಅಷ್ಟ ಅಂದು ಎದ್ದು ಹೋದ. ಅದಕ್ಕ ಮತ್ತ ಗೇಟು ಹಾಕಿದೆ, ಬೋರ್ಡ ಬರದೆ, ನಾಯಿ ಸಾಕಿದೆ. ನನ್ನ ಪಾಪದ ಭಾರಾ ಯಾರದೋ ತಾಯಿ ಮಕ್ಕಳ ಮ್ಯಾಲ ಯಾಕ? ಹದಿಮೂರು ವರ್ಷ ಮಂದಿ ಬಾಯಾಗ ದಾರಿಗಳ್ಳ ಅನಿಸಿಕೊಂಡೆ.”

ಸೌಂದರ್ಯಾಳ ಕೈ ಎಡಹೆಗಲ ಮೇಲಿತ್ತು. “ಹೆಣ್ಣುಮಕ್ಕಳು ಹೆಗಲು ಕೊಡಂಗಿಲ್ಲಲ್ರೀ ಅಜ್ಜಾರ,” ಅಂದಳು, ಬಹಳ ಮೆಲ್ಲಗೆ.

“ಅಕೀನೂ ಹೆಣ್ಣುಮಗಳ ಯವ್ವಾ. ಬ್ಯಾಡ ಅನ್ನಂಗಿಲ್ಲ.”

“ಆತ್ರಿ,” ಸಿದ್ದರಾಮ ನಕಾಶೆ ಮಡಚಿದ. “ನಿಮ್ಮ ದಾರಿ ಬ್ಯಾಡ, ನಿಮ್ಮ ಹೊಲಾ ಬ್ಯಾಡ. ನಾವು ಹೊಂಟ್ವಿ.” ಏಳಲು ಹೋದ. ಎದ್ದದ್ದು ಅರ್ಧ ಮೈ. ಎಡಗಡೆ ಯಾರೋ ಅಂಗೈ ಊರಿ ಕೆಳಗೆ ಅದುಮಿದಂತೆ ವಾಲಿ ನಿಂತ. ದಿನವೂ ಗಾಲಿಯ ಸಮತೋಲ ನೋಡುವ ಕಣ್ಣು ಅವನದು. ಅಜ್ಜನದು ಬಲ. ತನ್ನದು ಎಡ. ಶಾಕೀರನದು ಬಲ. ಸೌಂದರ್ಯಾಳದು ಎಡ.

ಮಳೆ ಕೈಯಿಂದ ತಡೆದಂತೆ ನಿಂತಿತು. ಹೊರಗೆ ನಾಯಿ ಒಂದು ಸಲ ಕುಂಯ್‌ಗುಟ್ಟಿ ಸುಮ್ಮನಾಯಿತು. ಅಜ್ಜ ಗೂಟಕ್ಕಿದ್ದ ಕೀಲಿಕೈ ತೆಗೆದುಕೊಂಡ, ದೀಪಕ್ಕೆ ಕೈಮುಗಿದ, ಬಾಗಿಲು ಪೂರ್ತಿ ತೆರೆದ.

“ಭಾನುವಾರ ನಲವತ್ತು ಮಂದಿ ಬರ್ತಾರ ಅಂದಿದ್ದೆಲ್ಲ ತಮ್ಮಾ... ಬರಲಿ. ಅರ್ಜಿ ಬ್ಯಾಡ, ನಕಾಶಿ ಬ್ಯಾಡ. ಇವತ್ತ ಹೆಣಾ ಹಾದು ಹೋತಂದ್ರ ದಾರಿ ಕಾಯಂ ಆತು, ನಾಳಿಂದ ನನಗೂ ಮುಚ್ಚಾಕ ಬರಂಗಿಲ್ಲ. ನಿನಗ ಬೇಕಾದ್ದು ಅದ ಅಲ್ಲೇನು? ಗಂಡನ ಮಗ್ಗಲಕ್ಕ ತಗದ ತಗ್ಗು ಇನ್ನೂ ಹಂಗ ಐತಿ, ಬೀರಲಿಂಗಪ್ಪ ಮುಚ್ಚಾಕ ಬಿಟ್ಟಿಲ್ಲ... ನಡೀರಿ. ಗೇಟಿನ ತನಕ ಬರಿಗೈಲೆ ಹೋಗೂದು, ಅಲ್ಲಿಂದ ಮುಂದ ಹೆಗಲು. ನಡುದಾರ್ಯಾಗ ಒಮ್ಮೆ ಇಳಸೂಣು...”

ಅಜ್ಜ ಹೊಸ್ತಿಲು ದಾಟಿ ತಿರುಗಿ ನಿಂತ. ಕತ್ತಲಲ್ಲಿ ಅವನ ಹಣೆಯ ವಿಭೂತಿಯಷ್ಟೇ ಕಾಣುತ್ತಿತ್ತು.

“ಈ ಸಲ ಬದಲಿ ಮಾಡೂದು ಮರೀಬ್ಯಾಡ್ರಿ.”